ಕಸ ಅಲ್ಲ, ಕಣ್ಣು

ಪ್ರಾಯೋಗಿಕ ಪರೀಕ್ಷೆಯ ಹಿಂದಿನ ದಿನ ನಮ್ಮ ಅತ್ತೆ ಮಾರುಕಟ್ಟೆಗೆ ಬಂದರೆ ತರಕಾರಿಯವನಿಗೆ ತಲೆಬಿಸಿ. ಬಂದವರೆಲ್ಲ ಗಟ್ಟಿಯಾದ, ನುಣುಪಾದ ಆಲೂಗೆಡ್ಡೆ ಆರಿಸಿಕೊಂಡರೆ ಅತ್ತೆ ರಾಶಿಯ ತಳಕ್ಕೆ ಕೈಹಾಕಿ ಮೊಳಕೆ ಬಂದದ್ದನ್ನೇ ಎಳೆಯುತ್ತಾರೆ. ಈರುಳ್ಳಿಗೆ ಗಡ್ಡ ಇರಬೇಕು, ಅಂದರೆ ಬುಡದಲ್ಲಿ ಒಣಗಿದ ಬೇರಿನ ಎಳೆಗಳು ಜೋತಾಡುತ್ತಿರಬೇಕು. ಕ್ಯಾರೆಟ್ಟಿನ ತಲೆಯಲ್ಲಿ ಸೊಪ್ಪು, ಮೈಯಲ್ಲಿ ಕೂದಲಿನಂಥ ಸಣ್ಣ ಬೇರು, ಎರಡೂ ಬೇಕು. ಶುಂಠಿಯ ಮೇಲೆ ಒಣ ಸಿಪ್ಪೆ ಸುತ್ತುಸುತ್ತಾಗಿ ಹಾಗೇ ಉಳಿದಿರಬೇಕು. ಒಂದೊಂದನ್ನೂ ಬೆಳಕಿಗೆ ಹಿಡಿದು, ತಿರುಗಿಸಿ ನೋಡಿ, ಬೇಡವೆಂದರೆ ವಾಪಸ್ ಇಟ್ಟು ಮತ್ತೊಂದನ್ನು ತೆಗೆಯುತ್ತಾರೆ.

"ಅಕ್ಕಾ, ಅದು ದನಕ್ಕೆ ಹಾಕೋಕೆ ಅಂತ ತೆಗೆದಿಟ್ಟಿದ್ದು," ಎಂದು ತರಕಾರಿಯವನು ಪ್ರತಿ ವರ್ಷವೂ ಹೇಳುತ್ತಾನೆ.

"ನಮ್ಮ ಮಕ್ಕಳಿಗೂ ಅದೇ ಬೇಕು."

"ಅದೇನು ಮಕ್ಕಳೋ ನಿಮ್ಮವು."

ಅತ್ತೆಗೆ ಸ್ವಂತ ಮಕ್ಕಳಿಲ್ಲ. ಮಕ್ಕಳು ಎಂದರೆ ಕಾಲೇಜಿನ ವಿದ್ಯಾರ್ಥಿಗಳು. ಅತ್ತೆ ಅಲ್ಲಿನ ಸಸ್ಯಶಾಸ್ತ್ರ ಪ್ರಯೋಗಾಲಯದಲ್ಲಿ ಇಪ್ಪತ್ತೆರಡು ವರ್ಷದಿಂದ ಕೆಲಸ ಮಾಡುತ್ತಿದ್ದಾರೆ. ಬೀಗ ತೆಗೆಯುವುದು, ಮೇಜು ಒರೆಸುವುದು, ಸೂಕ್ಷ್ಮದರ್ಶಕಗಳನ್ನು ಪೆಟ್ಟಿಗೆಯಿಂದ ತೆಗೆದು ಮತ್ತೆ ಪೆಟ್ಟಿಗೆಗೆ ಇಡುವುದು, ಆ ದಿನದ ಪಾಠಕ್ಕೆ ಬೇಕಾದ ಎಲೆ, ಹೂವು, ಬೇರು ತಂದು ತಟ್ಟೆಯಲ್ಲಿ ಜೋಡಿಸುವುದು, ಇವು ಅವರ ಕೆಲಸ. ವಿದ್ಯಾರ್ಥಿಗಳು ಅವರನ್ನು ಲ್ಯಾಬಕ್ಕ ಎನ್ನುತ್ತಾರೆ. ಪಾಠ ಮಾಡುವುದು ಮೇಡಂ. ಮೇಡಂ ಆಚೆ ಹೋದ ಮೇಲೆ ಮಕ್ಕಳು ಕೇಳುವುದು ಲ್ಯಾಬಕ್ಕನನ್ನು.

ಅವರ ಉತ್ತರ ಯಾವಾಗಲೂ ಚಿಕ್ಕದು. ಮಣ್ಣೊಳಗೆ ಬೆಳೆಯುವುದೆಲ್ಲ ಬೇರು ಎಂದು ಮಕ್ಕಳು ತಿಳಿದುಕೊಂಡು ಬಂದಿರುತ್ತಾರೆ. ಅತ್ತೆ ಆಲೂಗೆಡ್ಡೆಯನ್ನು ಅವರ ಕೈಗೆ ಕೊಟ್ಟು, "ಕಣ್ಣು ಹುಡುಕಿ," ಎನ್ನುತ್ತಾರೆ. ಮೊಳಕೆ ಹೊರಡುವ ಆ ಸಣ್ಣ ಗುಳಿಗೆ ಅವರು ಹೇಳುವುದು ಕಣ್ಣು ಎಂದೇ. "ಕಣ್ಣಿದ್ರೆ ಕಾಂಡ. ಬೇರಿಗೆ ಕಣ್ಣಿರಲ್ಲ. ಮಣ್ಣೊಳಗೆ ಮಲಗಿದೆ ಅಂತ ಬೇರು ಅನ್ಬೇಡಿ. ನೀವೂ ಹೊದ್ದುಕೊಂಡು ಮಲಗ್ತೀರಿ, ಅಷ್ಟಕ್ಕೇ ದಿಂಬು ಆಗ್ತೀರಾ?" ಇದನ್ನು ಕೇಳಿದ ಮಕ್ಕಳು ಮರೆತದ್ದಿಲ್ಲ. ಮೇಡಂ ಕೂಡ ಒಮ್ಮೆ ತರಗತಿಯಲ್ಲಿ ಇದೇ ಮಾತು ಹೇಳಿದರಂತೆ, ಲ್ಯಾಬಕ್ಕನ ಹೆಸರು ಎತ್ತದೆ. ಅತ್ತೆಗೆ ಅದರಿಂದ ಬೇಸರವಾಗಲಿಲ್ಲ. ಮಾತು ಸರಿಯಾಗಿ ಹೇಳಿದರು ಎಂದು ಸಮಾಧಾನವೇ ಆಯಿತು.

ಹೀಗಿರುವಾಗ ಎರಡು ವರ್ಷದ ಹಿಂದೆ ಒಂದು ಸುತ್ತೋಲೆ ಬಂತು. ಪ್ರಯೋಗಾಲಯದಲ್ಲಿ ಕೆಲಸ ಮಾಡುವವರು ಇಲಾಖೆಯ ಪರೀಕ್ಷೆ ಪಾಸು ಮಾಡಿರಬೇಕು. ಅವಕಾಶ ಮೂರು. ಮೂರರಲ್ಲೂ ಆಗದವರನ್ನು ಕಚೇರಿಗೆ ಹಾಕಲಾಗುವುದು. ನಮ್ಮ ಅತ್ತೆಯ ಕಾಲೇಜಿನಲ್ಲಿ ಕಚೇರಿಯ ಕೆಲಸವೆಂದರೆ ಗಂಟೆ ಹೊಡೆಯುವುದು, ಕಡತವನ್ನು ಈ ಮೇಜಿನಿಂದ ಆ ಮೇಜಿಗೆ ಒಯ್ಯುವುದು, ದಿನಕ್ಕೆ ಎರಡು ಸಲ ಜಗ್ಗಿನಲ್ಲಿ ನೀರು ತಂದು ಎಲ್ಲರ ಲೋಟ ತುಂಬಿಸುವುದು.

"ನೀರು ತುಂಬೋದು ಕೀಳು ಕೆಲಸ ಅಂತಲ್ಲ," ಎಂದು ಅತ್ತೆ ಮನೆಯಲ್ಲಿ ಹೇಳಿದರು. "ಆದ್ರೆ ಆ ರೂಮಿನ ಬೀಗದ ಕೈ ಇನ್ನೊಬ್ಬರ ಹತ್ರ ಇರುತ್ತೆ. ಅವರು ಎಂಥ ಆಲೂಗೆಡ್ಡೆ ತರ್ತಾರೋ ಏನೋ."

ಮಾವ ಟೈಲರ್. ಮನೆಯ ಮುಂದಿನ ಕೋಣೆಯೇ ಅವರ ಅಂಗಡಿ. ಬಾಗಿಲಿಗೆ ಎದುರಾಗಿ ಹೊಲಿಗೆ ಯಂತ್ರ, ಗೋಡೆಗೆ ಉದ್ದನೆಯ ಹಲಗೆ, ಹಲಗೆಯ ಕೆಳಗೆ ತುಂಡುಬಟ್ಟೆಯ ಗಂಟು. ಅವರು ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಮಾತಾಡುತ್ತಾರೆ. "ಇಪ್ಪತ್ತು ವರ್ಷ ಮಾಡಿದ ಕೆಲಸಕ್ಕೆ ಪರೀಕ್ಷೆ ಅಂದ್ರೆ ನಿನಗೆ ನೀರು ಕುಡಿದ ಹಾಗೆ," ಎಂದರು.

"ನೀರಿನ ಮಾತು ಎತ್ತಬೇಡಿ ಅಂದೆ," ಎಂದರು ಅತ್ತೆ.

ಮೊದಲನೆಯ ಸಲ ಒಂದೇ ಅಂಕದಲ್ಲಿ ಹೋಯಿತು. ಪ್ರಶ್ನೆ ಹೀಗಿತ್ತು: ಕೆಳಗಿನವುಗಳಲ್ಲಿ ಗೆಡ್ಡೆ ಯಾವುದು? ಕೆಳಗೆ ನಾಲ್ಕು ಹೆಸರು. ಆಲೂಗೆಡ್ಡೆ, ಈರುಳ್ಳಿ, ಶುಂಠಿ, ಕ್ಯಾರೆಟ್. ಅತ್ತೆ ಆ ಪ್ರಶ್ನೆಯ ಮುಂದೆ ತುಂಬ ಹೊತ್ತು ಕೂತರಂತೆ. ಮಾರುಕಟ್ಟೆಯಲ್ಲಿ ಈ ನಾಲ್ಕೂ ಒಂದೇ ಸಾಲಿನಲ್ಲಿ ಇರುತ್ತವೆ, ನಾಲ್ಕನ್ನೂ ಗೆಡ್ಡೆ ಎಂದೇ ಕರೆಯುತ್ತಾರೆ. ಈರುಳ್ಳಿ ಗೆಡ್ಡೆ, ಶುಂಠಿ ಗೆಡ್ಡೆ ಎನ್ನದವರು ಯಾರಿದ್ದಾರೆ? ಅತ್ತೆ ನಾಲ್ಕಕ್ಕೂ ಗುರುತು ಹಾಕಿದರು. ನಾಲ್ಕಕ್ಕೂ ಹಾಕಿದ್ದರಿಂದ ಸೊನ್ನೆ.

ಮೇಡಂ ಅವರನ್ನು ಕೂರಿಸಿಕೊಂಡು ವಿವರಿಸಿದರು. "ನೋಡಿ, ಪುಸ್ತಕದಲ್ಲಿ ಗೆಡ್ಡೆ ಅಂದ್ರೆ ಮಣ್ಣೊಳಗೆ ಊದಿಕೊಂಡಿರೋ ಒಂದು ಬಗೆಯ ಕಾಂಡ ಮಾತ್ರ. ಆಲೂಗೆಡ್ಡೆ ಥರದ್ದು. ಮಿಕ್ಕಿದ್ದಕ್ಕೆಲ್ಲ ಬೇರೆ ಬೇರೆ ಹೆಸರಿದೆ. ಪುಸ್ತಕದ ಗೆಡ್ಡೆ ಬೇರೆ, ಮಾರುಕಟ್ಟೆ ಗೆಡ್ಡೆ ಬೇರೆ."

"ಹಾಗಾದ್ರೆ ಪ್ರಶ್ನೆಯಲ್ಲಿ ಪುಸ್ತಕದ ಗೆಡ್ಡೆ ಯಾವುದು ಅಂತ ಕೇಳಬೇಕಿತ್ತಲ್ಲ ಮೇಡಂ."

ಮೇಡಂ ನಕ್ಕರು. ಅತ್ತೆ ನಗಲಿಲ್ಲ. ಅವರು ತಮಾಷೆಗೆ ಕೇಳಿದ್ದಲ್ಲ.

ಎರಡನೆಯ ಸಲ ಬರೆಯುವ ಪರೀಕ್ಷೆ ದಾಟಿತು. ಗಿಡ ಎಂದು ಬರೆಯಬೇಕೆನಿಸಿದ ಕಡೆಯಲ್ಲೆಲ್ಲ ಅತ್ತೆ ಪುಸ್ತಕದಲ್ಲಿರುವಂತೆ ಮೂಲಿಕೆ ಎಂದು ಬರೆದರು. ಮೂಲಿಕೆ, ಪೊದೆ, ಮರ, ಬಳ್ಳಿ. ಮೆತ್ತನೆಯ ಹಸಿರು ಕಾಂಡದ್ದು ಮೂಲಿಕೆ, ಬುಡದಲ್ಲೇ ಕವಲೊಡೆದು ಗಟ್ಟಿಯಾಗುವುದು ಪೊದೆ, ಒಂದೇ ದಪ್ಪ ಕಾಂಡವೆತ್ತಿ ಮೇಲೆ ಕವಲೊಡೆಯುವುದು ಮರ, ತನ್ನ ಭಾರ ತಾನು ತಡೆಯಲಾರದೆ ಹಬ್ಬುವುದು ಬಳ್ಳಿ. ಎಲ್ಲ ಸರಿಯಾಯಿತು. ಎಡವಿದ್ದು ಮೌಖಿಕ ಪರೀಕ್ಷೆಯಲ್ಲಿ.

"ಕಾಂಡದ ಕೆಲಸ ಏನು?" ಎಂದು ಕೇಳಿದರು.

"ಹೊರೋದು," ಎಂದರು ಅತ್ತೆ.

ಪರೀಕ್ಷಕರು ಇನ್ನೇನೋ ಬರುತ್ತದೆ ಎಂದು ಕಾದರು. ಅತ್ತೆ ಮುಂದಿನ ಪ್ರಶ್ನೆ ಬರುತ್ತದೆ ಎಂದು ಕಾದರು. ಕೊನೆಗೆ ಪರೀಕ್ಷಕರು ಏನೋ ಬರೆದುಕೊಂಡು ಬೇರೆ ಪ್ರಶ್ನೆಗೆ ಹೋದರು. ಅಲ್ಲೂ ಹಾಗೇ ಆಯಿತು. ಬೇರಿನ ಕೆಲಸ? ಹಿಡಿಯೋದು, ಹೀರೋದು. ಎಲೆಯ ಕೆಲಸ? ಅಡುಗೆ ಮಾಡೋದು. ಹೂವಿನ ಕೆಲಸ? ಬೀಜ ಕಟ್ಟೋದು.

ಅತ್ತೆ ಸುಮ್ಮನೆ ಹೇಳಿದ ಮಾತಲ್ಲ ಅವು. ಪ್ರತಿ ವರ್ಷ ಅವರು ಕರ್ಣಕುಂಡಲದ ಗಿಡವನ್ನು ಬೇರುಸಮೇತ ಕಿತ್ತು, ತೊಳೆದು, ಕೆಂಪು ಶಾಯಿ ಬೆರೆಸಿದ ನೀರಿನಲ್ಲಿ ನಿಲ್ಲಿಸುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಅದರ ತಿಳಿಹಸಿರು ಕಾಂಡದೊಳಗೆ ಕೆಂಪು ಗೆರೆಗಳು ಮೇಲಕ್ಕೆ ಹತ್ತಿರುತ್ತವೆ. ಅಡ್ಡ ಕತ್ತರಿಸಿದರೆ ಕೆಂಪು ಚುಕ್ಕೆಗಳು. ಅದನ್ನು ಇಪ್ಪತ್ತು ಸಲ ನೋಡಿದವರು ಹೊರೋದು ಎಂದರೆ ಅದರಲ್ಲಿ ಎಲ್ಲವೂ ಬಂತು. ಆದರೆ ಪರೀಕ್ಷಕರ ಹಾಳೆಯಲ್ಲಿ ಎರಡು ಸಾಲಿನ ಉತ್ತರ ಇತ್ತು. ಎರಡು ಸಾಲಿಗೆ ಎರಡು ಅಂಕ, ಒಂದು ಪದಕ್ಕೆ ಅರ್ಧ.

ಮೂರನೆಯದು ಕೊನೆಯದು. ಹೋದ ವರ್ಷ ಅದರ ದಿನಾಂಕ ಬಂದ ಮೇಲೆ ಮನೆಯಲ್ಲಿ ಬೇರೆ ಮಾತೇ ಇಲ್ಲ. ಸಂಜೆ ಕೆಲಸ ಮುಗಿಸಿ ಬಂದು ಅತ್ತೆ ತುಂಡುಬಟ್ಟೆಯ ಗಂಟಿನ ಮೇಲೆ ಪುಸ್ತಕ ಬಿಡಿಸಿಕೊಂಡು ಕೂರುತ್ತಿದ್ದರು. ಮಾವ ಹೊಲಿಯುತ್ತಲೇ ಪ್ರಶ್ನೆ ಕೇಳುತ್ತಿದ್ದರು.

"ಕಾಂಡದ ಕೆಲಸ ಹೇಳು."

"ಬೇರು ಹೀರಿದ ನೀರನ್ನೂ ಲವಣಗಳನ್ನೂ ಎಲೆಗಳಿಗೆ ಸಾಗಿಸುವುದು, ಎಲೆಗಳಲ್ಲಿ ತಯಾರಾದ ಆಹಾರವನ್ನು ಸಸ್ಯದ ಇತರ ಭಾಗಗಳಿಗೆ ಸಾಗಿಸುವುದು ಮತ್ತು ಎಲೆ, ಹೂವು, ಹಣ್ಣುಗಳಿಗೆ ಆಧಾರ ಕೊಡುವುದು."

"ಅಬ್ಬಾ. ಹಿಂದಿನ ಸಲ ಇಷ್ಟೂ ಹೇಳಬೇಕಿತ್ತಾ?"

"ಅಷ್ಟನ್ನೇ ನಾನು ಹೇಳಿದ್ದು, ಹೊರೋದು ಅಂತ."

"ಸರಿ, ನನ್ನ ಒಂದು ಪ್ರಶ್ನೆ. ಈ ಪ್ಯಾಂಟಿನ ಕಾಲು ಬೇರೋ ಕಾಂಡವೋ?"

"ರೀ, ಸುಮ್ನಿರಿ."

"ಗುಂಡಿ ಇದೆ ನೋಡು. ಕಣ್ಣು ಅಂತ ಇಟ್ಕೋ. ಕಾಂಡ."

ಅತ್ತೆ ಪುಸ್ತಕ ಮುಚ್ಚಿ ಒಳಗೆ ಹೋದರು. ಮಾವನ ಮೇಲೆ ಸಿಟ್ಟಲ್ಲ. ನನಗೆ ಅವರು ಆಮೇಲೆ ಹೇಳಿದ ಪ್ರಕಾರ, ತಮಗೆ ಗೊತ್ತಿರುವುದನ್ನೇ ಬೇರೆಯವರ ಬಾಯಿಯಿಂದ ಹೇಳುವ ಹಾಗೆ ಹೇಳಬೇಕಲ್ಲ ಎಂಬುದೇ ಅವರ ಬೇಸರ. ಅರ್ಧ ಗಂಟೆ ಕಳೆದು ಮತ್ತೆ ಬಂದು ಕೂತರು.

ಪರೀಕ್ಷೆಗೆ ಹದಿನೈದು ದಿನ ಇರುವಾಗ ಇನ್ನೊಂದು ವಿಷಯ ಗೊತ್ತಾಯಿತು. ಈ ಸಲದ ಕೇಂದ್ರ ಅವರದ್ದೇ ಕಾಲೇಜು, ಅವರದ್ದೇ ಪ್ರಯೋಗಾಲಯ. ಅತ್ತೆಗೆ ಎಷ್ಟೋ ದಿನದ ಮೇಲೆ ಮುಖದಲ್ಲಿ ನಗು ಬಂತು. ಮೌಖಿಕ ಪರೀಕ್ಷೆಗೆ ಬೇಕಾದ ಮಾದರಿಗಳನ್ನು ತಾವೇ ಆರಿಸಿ ತರಬಹುದು ಎಂದುಕೊಂಡರು. ಆ ನಗು ಗುಮಾಸ್ತರು ಬರುವವರೆಗೆ ಇತ್ತು.

ಗುಮಾಸ್ತರ ಬಗ್ಗೆ ಎರಡು ಮಾತು ಹೇಳಬೇಕು. ಅವರು ಕೆಟ್ಟವರಲ್ಲ. ಅವರಿಗೆ ಸ್ವಚ್ಛತೆಯ ಹುಚ್ಚು. ಅವರ ಮೇಜಿನ ಮೇಲೆ ಧೂಳು ಕೂರುವುದಕ್ಕೆ ಪುರುಸೊತ್ತು ಸಿಗುವುದಿಲ್ಲ. ಕಡತದ ದಾರಗಳ ತುದಿಯನ್ನು ಕತ್ತರಿಯಿಂದ ಸಮ ಮಾಡುತ್ತಾರೆ. ಅಕ್ಷರ ಮುತ್ತಿನಂತೆ. ಒಂದು ಕಡೆ ಶಾಯಿ ಹರಡಿದರೂ ಇಡೀ ಹಾಳೆಯನ್ನು ಮತ್ತೆ ಬರೆಯುತ್ತಾರೆ.

"ಅಕ್ಕಾ, ಬೀಗದ ಕೈ ಕೊಡಿ," ಎಂದರು ಪರೀಕ್ಷೆಯ ಹಿಂದಿನ ದಿನ. "ನೀವು ಅಭ್ಯರ್ಥಿ. ಇವತ್ತು ಒಳಗೆ ಕಾಲಿಡೋ ಹಾಗಿಲ್ಲ. ಮಾದರಿ ಎಲ್ಲ ನಾನೇ ತಂದು ಇಡ್ತೀನಿ."

"ಮೇಡಂ ಇಡಲ್ವಾ?"

"ಮೇಡಂಗೆ ಬೇರೆ ಊರಲ್ಲಿ ಡ್ಯೂಟಿ ಬಂದಿದೆ. ಪಟ್ಟಿ ಇದೆಯಲ್ಲ, ತರಕಾರಿ ತರೋಕೆ ಮೇಡಂ ಯಾಕೆ?"

ಅತ್ತೆ ಸೊಂಟದಿಂದ ಬೀಗದ ಕೈ ಬಿಚ್ಚಿ ಕೊಟ್ಟರು. "ಸಾರ್, ಒಂದು ಮಾತು. ತಂದದ್ದನ್ನ..."

ಗುಮಾಸ್ತರು ಅಂಗೈ ಎತ್ತಿ ತಡೆದರು. "ಮಾದರಿ ಬಗ್ಗೆ ಒಂದಕ್ಷರವೂ ಮಾತಾಡಬೇಡಿ. ನಾಳೆ ಯಾರಾದ್ರೂ ದೂರು ಕೊಟ್ರೆ ನಿಮಗೂ ಕಷ್ಟ, ನನಗೂ ಕಷ್ಟ."

ಅತ್ತೆ ಹೇಳಬೇಕೆಂದಿದ್ದದ್ದು ಇಷ್ಟೇ, ತಂದದ್ದನ್ನ ತಂದ ಹಾಗೇ ಇಡಿ. ಆ ಮಾತು ಬಾಯಲ್ಲೇ ಉಳಿಯಿತು. ಮನೆಗೆ ಬಂದು ಅದನ್ನೇ ಮಾವನಿಗೆ ನಾಲ್ಕು ಸಲ ಹೇಳಿದರು. "ನನಗೆ ಹೇಳಿ ಏನು ಪ್ರಯೋಜನ? ನಾನು ತಂದ ಹಾಗೇ ಇಟ್ಟಿದ್ದೀನಲ್ಲ ನಿನ್ನ," ಎಂದರು ಮಾವ. ಅವರಿಗೂ ನಗು ಬರಲಿಲ್ಲ.

ಮರುದಿನ ಏಳು ಜನ ಅಭ್ಯರ್ಥಿಗಳು. ಬೆಳಿಗ್ಗೆ ಬರೆಯುವುದು ಮುಗಿಯಿತು. ಮಧ್ಯಾಹ್ನ ಮೌಖಿಕ. ಅತ್ತೆಯದು ನಾಲ್ಕನೆಯ ಸರದಿ. ತಾವೇ ದಿನವೂ ತೆಗೆಯುವ ಬಾಗಿಲನ್ನು ಅವತ್ತು ತಟ್ಟಿ, ಬರಬಹುದಾ ಎಂದು ಕೇಳಿ ಒಳಗೆ ಹೋದರು.

ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿತ್ತು. ಅದರ ಮೇಲೆ ಸಾಲಾಗಿ ಗಾಜಿನ ಬಟ್ಟಲುಗಳು. ಒಂದೊಂದರಲ್ಲೂ ತಿಳಿನೀರು, ನೀರಿನಲ್ಲಿ ಒಂದೊಂದು ಮಾದರಿ, ಮುಂದೆ ಮುತ್ತಿನಂಥ ಅಕ್ಷರದಲ್ಲಿ ಬರೆದ ಸಂಖ್ಯೆ. ಅತ್ತೆ ಮೊದಲ ಬಟ್ಟಲಿನಲ್ಲಿ ಏನಿದೆ ಎಂದು ತಿಳಿಯಲು ಬಗ್ಗಿ ನೋಡಬೇಕಾಯಿತು. ಸೋಪಿನ ಬಿಲ್ಲೆಯಂಥದ್ದು ಏನೋ ಬೆಳ್ಳಗೆ ಇತ್ತು. ಅದು ಆಲೂಗೆಡ್ಡೆ. ಸಿಪ್ಪೆ ಪೂರ್ತಿ ಹೆರೆದಿತ್ತು. ಕಣ್ಣಿದ್ದ ಜಾಗಗಳನ್ನು ದಪ್ಪವಾಗಿ ಕೆತ್ತಿ ತೆಗೆದು, ಗುಳಿ ಕಾಣದ ಹಾಗೆ ಸುತ್ತಲೂ ಸವರಿ ನುಣ್ಣಗೆ ಮಾಡಿತ್ತು. ಎರಡನೆಯದರಲ್ಲಿ ಈರುಳ್ಳಿ. ಗಡ್ಡವೂ ಇಲ್ಲ, ಬುಡದ ಗಟ್ಟಿ ಬಿಲ್ಲೆಯೂ ಇಲ್ಲ, ಎರಡು ತುದಿಯೂ ಚಾಕುವಿನಿಂದ ಸಮ. ಮೂರನೆಯದು ಸಿಪ್ಪೆ ಕೆರೆದ ಶುಂಠಿ. ನಾಲ್ಕನೆಯದು ತಲೆ ಬಾಲ ಕತ್ತರಿಸಿದ ಕ್ಯಾರೆಟ್. ಯಾವುದು ಏನು ಎಂದು ಹೇಳಲು ಯಾವ ಯಾವ ಗುರುತು ಬೇಕೋ ಅಷ್ಟನ್ನೇ ಹುಡುಕಿ ಹುಡುಕಿ ತೆಗೆದ ಹಾಗಿತ್ತು.

ಪರೀಕ್ಷಕರು ಬೇರೆ ಕಾಲೇಜಿನವರು, ವಯಸ್ಸಾದವರು. ಮೂರು ಜನರನ್ನು ಮುಗಿಸಿ ದಣಿದಿದ್ದರು. ಮೊದಲ ಬಟ್ಟಲು ತೋರಿಸಿ, "ಇದು ಸಸ್ಯದ ಯಾವ ಭಾಗ?" ಎಂದರು.

"ಕಾಂಡ ಸಾರ್."

"ಕಾರಣ?"

ಉತ್ತರ ಬಾಯಿಪಾಠ ಆಗಿತ್ತು. ಇದರ ಮೇಲೆ ಕಣ್ಣುಗಳಿವೆ, ಪ್ರತಿ ಕಣ್ಣಿನಿಂದಲೂ ಮೊಳಕೆ ಬರುತ್ತದೆ, ಆದ್ದರಿಂದ ಇದು ಕಾಂಡ. ಅತ್ತೆ "ಇದರ ಮೇಲೆ" ಎಂದು ಶುರು ಮಾಡಿದರು. ಆದರೆ ಇದರ ಮೇಲೆ ಕಣ್ಣುಗಳಿರಲಿಲ್ಲ. ಇಲ್ಲದ್ದನ್ನು ಇದೆ ಎಂದು ಬೆರಳು ಮಾಡಿ ತೋರಿಸುವುದು ಅವರಿಂದ ಆಗಲಿಲ್ಲ.

"ಇದರ ಮೇಲೆ ಕಣ್ಣಿಲ್ಲ ಸಾರ್."

"ಇಲ್ಲದಿದ್ರೆ ಕಾಂಡ ಹೇಗಾಯ್ತು?"

"ಇತ್ತು ಸಾರ್. ಕೆತ್ತಿಬಿಟ್ಟಿದ್ದಾರೆ."

ಪರೀಕ್ಷಕರು ಕನ್ನಡಕ ಸರಿಮಾಡಿಕೊಂಡು ಬಟ್ಟಲು ನೋಡಿದರು. ಅಲ್ಲಿಯವರೆಗೆ ಅವರೂ ಗಮನಿಸಿರಲಿಲ್ಲವೆಂದು ಕಾಣುತ್ತದೆ. ಹಿಂದಿನ ಮೂವರು ಬಾಯಿಪಾಠ ಒಪ್ಪಿಸಿ ಹೋಗಿದ್ದರು. "ನೋಡಮ್ಮ, ಪುಸ್ತಕದಲ್ಲಿ ಏನಿದೆಯೋ ಅದನ್ನ ಹೇಳಿ, ಸಾಕು," ಎಂದರು ಮೆತ್ತಗೆ.

"ಪುಸ್ತಕದಲ್ಲಿರೋ ಆಲೂಗೆಡ್ಡೆಗೆ ಕಣ್ಣಿದೆ ಸಾರ್. ಇದನ್ನ ಅಡುಗೆಗೆ ತಂದಿದ್ದಾರೋ ಪರೀಕ್ಷೆಗೆ ತಂದಿದ್ದಾರೋ ನನಗೆ ಗೊತ್ತಿಲ್ಲ."

ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂತಿದ್ದ ಗುಮಾಸ್ತರು ಎದ್ದು ನಿಂತರು. "ಸಾರ್, ಎಲ್ಲ ಚೆನ್ನಾಗಿ ತೊಳೆದು, ಮಣ್ಣೆಲ್ಲ ತೆಗೆದು ಇಟ್ಟಿದ್ದೀನಿ. ರಾತ್ರಿ ಕಪ್ಪಾಗಬಾರದು ಅಂತ ನೀರಲ್ಲೂ ಹಾಕಿದ್ದೀನಿ."

ಅತ್ತೆಗೆ ಆಗ ಕೈತೊಳೆಯುವ ತೊಟ್ಟಿಯ ಕೆಳಗಿನ ಬಕೆಟ್ ನೆನಪಾಯಿತು. ನೀಲಿ ಬಕೆಟ್. ದಿನವೂ ಅದನ್ನು ಖಾಲಿ ಮಾಡುವವರು ಅವರೇ. ನಿನ್ನೆ ಅವರು ಒಳಗೆ ಬಂದಿರಲಿಲ್ಲ. ಅಂದರೆ ಯಾರೂ ಖಾಲಿ ಮಾಡಿರಲಿಕ್ಕಿಲ್ಲ. "ಒಂದು ನಿಮಿಷ ಸಾರ್," ಎಂದು ಎದ್ದು ಹೋಗಿ, ಮೊಣಕಾಲೂರಿ ಬಕೆಟ್ ಎಳೆದರು. ಮೇಲೆ ಒದ್ದೆ ಕಾಗದ, ಅದರ ಕೆಳಗೆ ಎಲ್ಲ ಇತ್ತು. ಅತ್ತೆ ಒಂದು ಹಳೆಯ ಪತ್ರಿಕೆ ಹರಡಿ ಒಂದೊಂದನ್ನೇ ಅದರ ಮೇಲೆ ಇಟ್ಟರು. ಗುಮಾಸ್ತರು, "ಅಕ್ಕಾ, ಏನಿದು, ಬಿಳಿ ಬಟ್ಟೆ ಅಕ್ಕಾ," ಎಂದು ಗೋಗರೆದರು.

ಅತ್ತೆ ಆಲೂಗೆಡ್ಡೆಯ ಒಂದು ಕೆತ್ತನೆ ಎತ್ತಿ ತೋರಿಸಿದರು. ಅದರ ನಡುವೆ ಗುಳಿ, ಗುಳಿಯೊಳಗೆ ಸಾಸಿವೆ ಕಾಳಿನಷ್ಟು ಮೊಳಕೆ. "ಇದು ಕಣ್ಣು ಸಾರ್. ಇಲ್ಲಿಂದ ಬಂದದ್ದು," ಎಂದು ಗೆಡ್ಡೆಯ ಒಂದು ಬದಿಗೆ ಹಿಡಿದರು. ಈರುಳ್ಳಿಯ ಬುಡದ ಬಿಲ್ಲೆಯನ್ನು ಗಡ್ಡ ಸಮೇತ ತೆಗೆದರು. "ಈರುಳ್ಳಿಯಲ್ಲಿ ಕಾಂಡ ಅಂದ್ರೆ ಇಷ್ಟೇ. ಇದರ ಕೆಳಗಿನ ಗಡ್ಡ ಬೇರು, ಮೇಲಿನ ಪದರ ಎಲ್ಲ ಎಲೆ, ಆಹಾರ ತುಂಬಿಟ್ಟುಕೊಂಡಿರೋ ಎಲೆ. ಕಾಂಡವನ್ನೇ ಕತ್ತರಿಸಿ ಬಕೆಟ್ಟಿಗೆ ಹಾಕಿ, ಎಲೆ ಮಾತ್ರ ಬಟ್ಟಲಲ್ಲಿ ಇಟ್ಟಿದ್ದಾರೆ." ಶುಂಠಿಯ ಸಿಪ್ಪೆಯನ್ನು ಬೆರಳಿಗೆ ಸುತ್ತಿ, ಅದು ಗೆಣ್ಣಿನ ಸುತ್ತ ಬೆಳೆದ ಒಣ ಎಲೆ, ಗೆಣ್ಣಿರುವುದರಿಂದ ಶುಂಠಿಯೂ ಕಾಂಡವೇ ಎಂದು ತೋರಿಸಿದರು. ಕ್ಯಾರೆಟ್ಟನ್ನು ಕೈಗೆತ್ತಿಕೊಂಡು ತಿರುಗಿಸಿದರು. "ಇದರಲ್ಲಿ ಹುಡುಕಿದ್ರೂ ಕಣ್ಣು ಸಿಗಲ್ಲ ಸಾರ್. ಸೊಪ್ಪು ಹುಟ್ಟೋ ತಲೆ ಬಿಟ್ರೆ ಉಳಿದದ್ದು ಬೇರು. ಇದೊಂದಕ್ಕೆ ಅವರು ಅಷ್ಟು ಅನ್ಯಾಯ ಮಾಡಿಲ್ಲ."

ಪರೀಕ್ಷಕರು ಗಡಿಯಾರ ನೋಡಿದರು. ಹತ್ತು ನಿಮಿಷದ ಸರದಿಯಲ್ಲಿ ಒಂಬತ್ತು ಮುಗಿದಿತ್ತು. ಕೊನೆಗೆ ಒಂದೇ ಪ್ರಶ್ನೆ ಕೇಳಿದರು, ಕಾಂಡದ ಕೆಲಸ ಏನು ಎಂದು. ಅತ್ತೆ ಒಂದೇ ಉಸಿರಿನಲ್ಲಿ ಎರಡೂ ಸಾಲು ಹೇಳಿದರು. ಹೇಳುವಾಗ ಅವರ ಕೈ ಒದ್ದೆಯಾಗಿತ್ತು, ಉಗುರಿನ ಸಂದಿಯಲ್ಲಿ ಸಿಪ್ಪೆ ಸಿಕ್ಕಿಕೊಂಡಿತ್ತು.

ಹೊರಗೆ ಬರುವಾಗ ಪತ್ರಿಕೆಯ ಮೇಲಿದ್ದ ಕೆತ್ತನೆಗಳನ್ನು ಹಾಗೇ ಮಡಚಿ ತಂದರು. ನುಣ್ಣನೆಯ ಆಲೂಗೆಡ್ಡೆಯನ್ನು ಸಂಜೆ ಎಲ್ಲ ಮುಗಿದ ಮೇಲೆ ಕೇಳಿ ತೆಗೆದುಕೊಂಡರು. ಮನೆಗೆ ಬಂದವರು ಕೈಕಾಲು ತೊಳೆಯುವ ಮೊದಲೇ ಎರಡು ಕುಂಡ ಹುಡುಕಿದರು. ಒಂದರಲ್ಲಿ ಬಟ್ಟಲಿನ ಆಲೂಗೆಡ್ಡೆ, ಇನ್ನೊಂದರಲ್ಲಿ ಬಕೆಟ್ಟಿನ ಕೆತ್ತನೆ. ಯಾಕೆ ಹೀಗೆ ಮಾಡಿದಿರಿ ಎಂದು ನಾನು ಕೇಳಿದೆ. "ಸಿಟ್ಟು ಬಂದಿತ್ತು. ಬೇರೆ ಏನು ಮಾಡಬೇಕು ಅಂತ ಗೊತ್ತಾಗ್ಲಿಲ್ಲ," ಎಂದರು.

ಫಲಿತಾಂಶ ಬಂತು. ಮೌಖಿಕದಲ್ಲಿ ಪಾಸಾಗಲು ಹನ್ನೆರಡು ಬೇಕಿತ್ತು, ಅತ್ತೆಗೆ ಹದಿಮೂರು. ಪ್ರಯೋಗಾಲಯ ಉಳಿಯಿತು, ಬೀಗದ ಕೈ ಉಳಿಯಿತು. ಮಾವ ಬೂದು ಬಣ್ಣದ ಒಂದು ಮೇಲಂಗಿ ಹೊಲಿದು, ಒಳಗಡೆ ಬೀಗದ ಕೈಗೆಂದೇ ಒಂದು ಜೇಬು ಇಟ್ಟು, ಅದಕ್ಕೆ ಗುಂಡಿಯನ್ನೂ ಹಾಕಿದರು. ಕಥೆ ಇಲ್ಲಿಗೆ ಮುಗಿಯಬೇಕಿತ್ತು.

ಸೇವಾ ಪುಸ್ತಕಕ್ಕೆ ಸಹಿ ಹಾಕಲು ಅತ್ತೆ ಕಚೇರಿಗೆ ಹೋದರು. ಇಪ್ಪತ್ತೆರಡು ವರ್ಷದ ರಜೆ, ಬಡ್ತಿ, ಎಲ್ಲವನ್ನೂ ಬರೆಯುವ ಪುಸ್ತಕ ಅದು. ಅದರ ಹೊಸ ಪುಟದಲ್ಲಿ, ಪರೀಕ್ಷಕರ ವರದಿಯಿಂದ ಇಳಿಸಿಕೊಂಡ ಒಂದು ಸಾಲು ಗುಮಾಸ್ತರ ಮುದ್ದಾದ ಅಕ್ಷರದಲ್ಲಿತ್ತು: "ಅಭ್ಯರ್ಥಿಯು ಮೌಖಿಕ ಪರೀಕ್ಷೆಯ ವೇಳೆ ಬಕೆಟ್ಟಿನಿಂದ ಕಸವನ್ನು ತೆಗೆದು ಪ್ರದರ್ಶಿಸಿರುತ್ತಾರೆ."

"ಸಾರ್, ಇದು ತಪ್ಪು," ಎಂದರು ಅತ್ತೆ.

"ಪಾಸಾಯ್ತಲ್ಲ ಅಕ್ಕಾ. ಬಿಡಿ."

"ನಾನು ಕಸ ತೋರಿಸಿಲ್ಲ. ಕಣ್ಣು ತೋರಿಸಿದ್ದು. ಬೇರು ತೋರಿಸಿದ್ದು."

"ಬಕೆಟ್ಟಲ್ಲಿ ಇತ್ತಲ್ಲ?"

"ನೀವು ಹಾಕಿದ್ರಿ, ಅದಕ್ಕೆ ಇತ್ತು."

"ಬಕೆಟ್ಟಲ್ಲಿ ಇದ್ದದ್ದು ಕಸ ಅಕ್ಕಾ. ಅದು ನನ್ನ ಮಾತಲ್ಲ, ವರದಿಯಲ್ಲಿರೋದು. ತಿದ್ದೋಕೆ ನನಗೆ ಅಧಿಕಾರ ಇಲ್ಲ. ಬೇಕಾದ್ರೆ ಅರ್ಜಿ ಕೊಡಿ."

ಅತ್ತೆ ಅರ್ಜಿ ಕೊಟ್ಟರು. ಕಸ ಎಂಬ ಪದದ ಬದಲು ಕಣ್ಣು ಮತ್ತು ಬೇರು ಎಂದು ಓದಿಕೊಳ್ಳುವಂತೆ ಕೇಳಿದರು. ಹನ್ನೊಂದು ದಿನದ ಮೇಲೆ, ಸದರಿ ವಸ್ತುಗಳು ಕಸದ ಬಕೆಟ್ಟಿನಲ್ಲಿದ್ದ ಕಾರಣ ತಿದ್ದುಪಡಿ ಅಗತ್ಯವಿಲ್ಲ ಎಂದು ಷರಾ ಬರೆದು ಅರ್ಜಿ ವಾಪಸ್ ಬಂತು. ಎರಡನೆಯ ಅರ್ಜಿ ಕೊಟ್ಟರು. ಮೊದಲನೆಯ ಷರಾ ನೋಡಿರಿ ಎಂದು ಅದೂ ಬಂತು. ಮೇಡಂ ಊರಿಂದ ಬಂದವರು ಎಲ್ಲ ಕೇಳಿ, "ಒಂದು ಪದಕ್ಕೆ ಯಾಕೆ ಇಷ್ಟು ಹಟ? ಯಾರೂ ಓದಲ್ಲ ಅದನ್ನ," ಎಂದರು.

"ಒಂದು ಪದಕ್ಕೇ ಮೇಡಂ ನಾನು ಮೊದಲ ಸಲ ಫೇಲಾಗಿದ್ದು," ಎಂದರು ಅತ್ತೆ.

ಮನೆಯಲ್ಲಿ ಅತ್ತೆಯ ಮಾತು ಕಡಿಮೆಯಾಯಿತು. ಗೆದ್ದವರ ಹಾಗೆ ಇರಲಿಲ್ಲ. ಈಗ ಪ್ರಯೋಗಾಲಯದಲ್ಲಿ ಬಕೆಟ್ ಖಾಲಿ ಮಾಡುವಾಗಲೆಲ್ಲ ಆ ಸಾಲು ಕಣ್ಣ ಮುಂದೆ ಬರುತ್ತದೆ ಎಂದರು. ಇಡೀ ಪುಸ್ತಕದಲ್ಲಿ ತಮ್ಮ ಕೆಲಸದ ಬಗ್ಗೆ ಇರುವುದು ಅದೊಂದೇ ಸಾಲು ಎಂದೂ ಹೇಳಿದರು. ಮಿಕ್ಕದ್ದೆಲ್ಲ ರಜೆಯ ಲೆಕ್ಕ.

ಆ ಹೊತ್ತಿಗೆ ಕುಂಡಗಳಲ್ಲಿ ಒಂದರ ಮಣ್ಣು ಬಿರಿದಿತ್ತು. ಬಟ್ಟಲಿನ ಆಲೂಗೆಡ್ಡೆ ಇಟ್ಟ ಕುಂಡದಿಂದ ಕೊಳೆತ ವಾಸನೆ ಬಂತು, ಅದನ್ನು ಚೆಲ್ಲಬೇಕಾಯಿತು. ಕೆತ್ತನೆ ಹಾಕಿದ ಕುಂಡದಲ್ಲಿ ಮೊದಲು ಮೂರು, ಆಮೇಲೆ ಐದು ಕುಡಿ ಮೇಲೆ ಬಂದವು. ಕಡುಹಸಿರು, ಸುಕ್ಕುಸುಕ್ಕಾದ ಎಲೆ. ಅತ್ತೆ ದಿನಾ ಬೆಳಿಗ್ಗೆ ಅದರ ಮುಂದೆ ಕೂತು ನೋಡುತ್ತಿದ್ದರು. ಗಿಡ ಒಂದು ಗೇಣು ಆದ ದಿನ ಮೂರನೆಯ ಅರ್ಜಿ ಬರೆದರು. ಕೆಳಗೆ ಎಡಗಡೆಯಲ್ಲಿ, ನಿಯಮದ ಪ್ರಕಾರ ಎಲ್ಲಿ ಬರೆಯಬೇಕೋ ಅಲ್ಲಿ, ಹೀಗೆ ಸೇರಿಸಿದರು: "ಲಗತ್ತು: ಸದರಿ ಕಸದಿಂದ ಬೆಳೆದ ಗಿಡ, ಒಂದು."

ಕುಂಡವನ್ನು ಕಂಕುಳಲ್ಲಿ ಇರಿಸಿಕೊಂಡು ಹೋಗಿ ಗುಮಾಸ್ತರ ಮೇಜಿನ ಮೇಲೆ ಇಟ್ಟರು.

"ಅಕ್ಕಾ, ಮಣ್ಣು," ಎಂದರು ಗುಮಾಸ್ತರು ಮೊದಲು. ಆಮೇಲೆ ಅರ್ಜಿ ಓದಿದರು. ಎರಡು ಸಲ ಓದಿದರು. "ಲಗತ್ತು ಅಂದ್ರೆ ಕಾಗದ ಇರಬೇಕು."

"ಹಾಗಂತ ಎಲ್ಲಿ ಬರೆದಿದೆ ಸಾರ್?"

ಎಲ್ಲೂ ಬರೆದಿರಲಿಲ್ಲ. ಗುಮಾಸ್ತರು ನಿಯಮದ ಮನುಷ್ಯ. ಅರ್ಜಿಯನ್ನು ಲಗತ್ತು ಸಮೇತ ಸ್ವೀಕರಿಸಲೇಬೇಕು. ಆವಕದ ಪುಸ್ತಕದಲ್ಲಿ ಸಂಖ್ಯೆ ಹಾಕಿ, ಲಗತ್ತಿನ ಅಂಕಣದಲ್ಲಿ ಗಿಡ ಒಂದು ಎಂದು ಮುತ್ತಿನ ಅಕ್ಷರದಲ್ಲಿ ಬರೆದರು. ಅದೇ ಸಂಖ್ಯೆಯ ಚೀಟಿಯನ್ನು ಕುಂಡಕ್ಕೂ ಅಂಟಿಸಿದರು. ಅರ್ಜಿಯನ್ನು ಮೇಲಿನವರಿಗೆ ಕಳಿಸಿದರು. ಗಿಡವನ್ನು ಅಂಚೆಯಲ್ಲಿ ಕಳಿಸುವಂತಿಲ್ಲವಾದ್ದರಿಂದ, ಲಗತ್ತು ಕಚೇರಿಯಲ್ಲಿದೆ ಎಂದು ಷರಾ ಹಾಕಿದರು.

ಅದಾಗಿ ಐದು ವಾರ ಆಯಿತು. ಉತ್ತರ ಬಂದಿಲ್ಲ. ಅರ್ಜಿ ತೀರ್ಮಾನವಾಗುವವರೆಗೆ ಲಗತ್ತನ್ನು ವಾಪಸ್ ಕೊಡುವಂತಿಲ್ಲ. ಲಗತ್ತಿಗೆ ನೀರು ಹಾಕುವುದು ಕಚೇರಿಯ ಕೆಲಸವಲ್ಲ ಎಂದು ಗುಮಾಸ್ತರು ಹೇಳಿದ್ದಾರೆ. ಹೀಗಾಗಿ ಅತ್ತೆ ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ಜಗ್ಗಿನಲ್ಲಿ ನೀರು ಹಿಡಿದುಕೊಂಡು ಕಚೇರಿಗೆ ಹೋಗುತ್ತಾರೆ. ಹೇಗೂ ತಂದಿದ್ದೀರಲ್ಲ ಎಂದು ಒಂದಿಬ್ಬರು ತಮ್ಮ ಲೋಟವನ್ನೂ ಮುಂದೆ ಚಾಚಿದ್ದಾರೆ.

"ಅಂತೂ ಕಚೇರಿಗೆ ನೀರು ಹೊರೋದು ತಪ್ಪಲಿಲ್ಲ ನಿನಗೆ," ಎಂದರು ಮಾವ, ಬಾಯಲ್ಲಿ ಸೂಜಿ ಕಚ್ಚಿಕೊಂಡು.

"ಕಾಂಡದ ಕೆಲಸ," ಎಂದರು ಅತ್ತೆ. ಅಷ್ಟು ಹೇಳಿ ಒಳಗೆ ಹೋದರು.

ಮೊನ್ನೆ ಅವರು ನೀರು ಹಾಕಲು ಹೋದಾಗ ಗುಮಾಸ್ತರು ಕತ್ತರಿ ಹಿಡಿದು ಗಿಡದ ಮೇಲೆ ಬಗ್ಗಿದ್ದರಂತೆ. ಕೆಳಗಿನ ಒಂದು ಎಲೆ ಹಳದಿಯಾಗಿತ್ತು, ನೋಡಲು ಚೆನ್ನಾಗಿಲ್ಲ ಎಂದು ತೆಗೆಯಲು ಹೊರಟಿದ್ದರು. "ಕೈ ಹಾಕಬೇಡಿ ಸಾರ್. ಅದು ದಾಖಲೆ," ಎಂದರು ಅತ್ತೆ. ಗುಮಾಸ್ತರು ಕತ್ತರಿ ಕೆಳಗಿಟ್ಟರು.

ಗಿಡ ಈಗ ಉದ್ದವಾಗಿ ಕಡತಗಳ ಮೇಲೆ ವಾಲುತ್ತಿದೆ. ಒಂದು ಕೋಲು ನೆಟ್ಟು ಕಟ್ಟಬೇಕು. ಲಗತ್ತಿಗೆ ಕೋಲು ಸೇರಿಸಬೇಕಾದರೆ ಬೇರೆ ಅರ್ಜಿ ಕೊಡಬೇಕೇ ಎಂದು ಅತ್ತೆ ಕೇಳಿದ್ದಾರೆ. ನಿಯಮ ನೋಡಿ ಹೇಳುತ್ತೇನೆ ಎಂದಿದ್ದಾರೆ ಗುಮಾಸ್ತರು.